ಚಲಿಸುವ ಮನೆಯ ಚಳಿಗಾಲದ ಒಲೆ

(ಗಿರಿಸೀಮೆಯ ಹಳ್ಳಿಗರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನಲ್ಲಿ ಒಲೆಯ ವಿಷಯ ಎತ್ತಿದರೆ ಮಾತು ಸಹಜವಾಗಿಯೇ ಕಾಡಿನತ್ತ ಹೊರಳುತ್ತದೆ. ವರ್ಷಕ್ಕೆ ಎಷ್ಟು ಕಟ್ಟಿಗೆ ಬೇಕು, ಅದನ್ನು ಎಲ್ಲಿಂದ ತರಬೇಕು, ಬಚ್ಚಲೊಲೆಗೆ ತೆಂಗಿನ ಸಿಪ್ಪೆ, ಮಟ್ಟೆ ಸಾಕಾಗುವುದೇ, ಅಡಿಕೆ ಬೇಯಿಸುವ ಒಲೆಯನ್ನು ಹೇಗೆ ತಿದ್ದಬೇಕು ಎಂಬ ಪ್ರಶ್ನೆಗಳ ಸುತ್ತ ಹಲವು ದಶಕಗಳಿಂದ ಚರ್ಚೆ ನಡೆದಿದೆ. ಈ ಚರ್ಚೆಗಳ ಹಿಂದೆ ಯಾರೂ ಬಾಯಿಬಿಟ್ಟು ಹೇಳದ ಒಂದು ಗ್ರಹಿಕೆಯಿದೆ. ಒಲೆಯೆಂದರೆ ಗೋಡೆ, ಮಾಡುಗಳಿರುವ ಮನೆಯೊಳಗೆ ಒಂದೇ ಕಡೆ ನೆಲೆನಿಂತ ವಸ್ತು ಎಂಬುದೇ ಆ ಗ್ರಹಿಕೆ. ಮನೆಯೇ ನಡೆದು ಹೋಗುವಂಥದ್ದಾದರೆ ಒಲೆಯ ಗತಿಯೇನು? ಚಳಿಗಾಲದಲ್ಲಿ ಆ ಮನೆಯೊಳಗೆ ಮಲಗುವವರ ಗತಿಯೇನು?

ಅಮೆರಿಕ, ಯುರೋಪುಗಳಲ್ಲಿ ವಾಹನವನ್ನೇ ಮನೆ ಮಾಡಿಕೊಂಡು ತಿರುಗುವವರಿದ್ದಾರೆ. ಹಿಮ ಬೀಳುವ ಕಾಲದಲ್ಲಿ ಅಂಥ ವಾಹನದೊಳಗೆ ಪುಟ್ಟ ಕಟ್ಟಿಗೆ ಒಲೆಯನ್ನು ಕೂರಿಸಿ ಬೆಚ್ಚಗಿರುವ ಕಲೆಯನ್ನು ಅವರು ಬೆಳೆಸಿಕೊಂಡಿದ್ದಾರೆ. ಕೇಳಿದವರಿಗೆ ಇದು ಶ್ರೀಮಂತರ ಶೋಕಿಯೆಂದು ತೋರಬಹುದು. ಆದರೆ ಕನ್ನಡನಾಡಿನಲ್ಲಿಯೂ ಚಲಿಸುವ ಮನೆಗಳಿವೆ, ಅವುಗಳಲ್ಲಿ ಚಳಿಗಾಲದ ಒಲೆಗಳೂ ಇವೆ. ಇಲ್ಲಿ ಅದು ಹೊಟ್ಟೆಪಾಡಿನ ಮಾತು. ಅದನ್ನು ಕಾಣಲು ಘಟ್ಟ ಇಳಿದು, ಬಯಲು ದಾಟಿ, ಭೀಮಾ ತೀರದ ಕರಜಗಿ ಸೀಮೆಗೆ ಹೋಗಬೇಕು.

ಕರಜಗಿಯೆಂದಾಗ ಹಾವೇರಿಯ ರೈಲು ನಿಲ್ದಾಣವನ್ನು ನೆನೆಯುವವರುಂಟು. ಇದು ಆ ಕರಜಗಿಯಲ್ಲ. ಕಲಬುರಗಿ ಜಿಲ್ಲೆಯ ಅಫಜಲಪುರ ತಾಲೂಕಿನ, ಮಹಾರಾಷ್ಟ್ರದ ಗಡಿಗೆ ಸಮೀಪದ ಹೋಬಳಿ ಕೇಂದ್ರ ಇದು. ಸುತ್ತಲೂ ಕರಿ ಎರೆಭೂಮಿ, ಅದರ ಕೆಳಗೆ ದಖ್ಖನ್ನಿನ ಕರಿಕಲ್ಲು. ತೊಗರಿ ಇಲ್ಲಿನ ಜೀವ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಭೀಮೆಗೆ ಸೊನ್ನದಲ್ಲಿ ಬ್ಯಾರೇಜು ಕಟ್ಟಿ ನೀರೆತ್ತುವ ವ್ಯವಸ್ಥೆಯಾದ ಮೇಲೆ ಹೊಳೆಸಾಲಿನ ಹೊಲಗಳಲ್ಲಿ ಕಬ್ಬು ಹೆಚ್ಚಿತು. ಇದೇ ತಾಲೂಕಿನ ಹಾವಳಗಾದಲ್ಲಿ, ಪಕ್ಕದ ಆಳಂದ ತಾಲೂಕಿನ ಭೂಸನೂರಿನಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬು ಬಂದ ಕಡೆ ಕಬ್ಬು ಕಡಿಯುವವರೂ ಬರಬೇಕು. ಅವರು ಬರುವುದು ದೀಪಾವಳಿಯ ಆಸುಪಾಸಿನಲ್ಲಿ, ಹಿಂದಿರುಗುವುದು ಬೇಸಿಗೆ ಕಾಲಿಡುವಾಗ. ಅವರ ದುಡಿಮೆಯ ಹಂಗಾಮು ಇಡೀ ಚಳಿಗಾಲವನ್ನು ಹಾಸಿಕೊಂಡಿದೆ.

ಗಂಡ ಹೆಂಡತಿ ಜೋಡಿಯಾಗಿ ದುಡಿಯುತ್ತಾರೆ. ಮರಾಠವಾಡದ ಕಡೆಯಿಂದ ಬರುವವರಲ್ಲಿ ಇಂಥ ಒಂದು ಜೋಡಿಗೆ ಒಂದು ‘ಕೊಯ್ತಾ’ ಎಂದು ಲೆಕ್ಕ. ಕೊಯ್ತಾ ಎಂದರೆ ಕತ್ತಿ. ಎರಡು ಜೀವಗಳನ್ನು ಒಂದು ಕತ್ತಿಯ ಹೆಸರಿನಲ್ಲಿ ಎಣಿಸುವ ಈ ಲೆಕ್ಕದಲ್ಲಿ ಜೊತೆಗೆ ಬಂದ ಮಕ್ಕಳು ಸೇರುವುದೇ ಇಲ್ಲ. ಮುಕ್ಕದ್ದಮನಿಂದ ಮುಂಗಡ ಪಡೆದು, ಎತ್ತಿನ ಗಾಡಿಯಲ್ಲೋ ಟ್ರ್ಯಾಕ್ಟರಿನ ಟ್ರೇಲರಿನಲ್ಲೋ ಪಾತ್ರೆ, ಹಾಸಿಗೆ, ಕೋಳಿ, ಕೂಸುಗಳನ್ನು ಹೇರಿಕೊಂಡು ಅವರು ಬರುತ್ತಾರೆ. ಬಂದ ಕಡೆ ಹೊಲದ ಬದಿಯಲ್ಲಿ ಬಿದಿರು ಗಳುಗಳನ್ನು ಬಾಗಿಸಿ, ಮೇಲೆ ಕಬ್ಬಿನ ರವದಿಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಹೊದಿಸಿದರೆ ಜೋಪಡಿಯಾಯಿತು. ಮರಾಠಿಯವರು ಅದನ್ನು ‘ಕೋಪಿ’ ಎನ್ನುತ್ತಾರೆ. ಆ ಭಾಗದ ಕಬ್ಬು ಮುಗಿದರೆ ಜೋಪಡಿಯನ್ನು ಕಿತ್ತು ಮುಂದಿನ ಊರಿಗೆ ಒಯ್ಯುತ್ತಾರೆ.

ಜೋಪಡಿಯಷ್ಟೇ ಅಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಹೋಗುವ ಕೊಲ್ಲಾರಿ ಬಂಡಿಗಳೂ ಚಲಿಸುವ ಮನೆಗಳೇ. ಅಫಜಲಪುರ ತಾಲೂಕಿನದೇ ಆದ ದೇವಲ ಗಾಣಗಾಪುರಕ್ಕೆ ಮಾರ್ಗಶಿರದ ದತ್ತ ಜಯಂತಿಗೆ ಬರುವ ಎಷ್ಟೋ ಸಂಸಾರಗಳು ಟೆಂಪೊ, ಟ್ರ್ಯಾಕ್ಟರುಗಳಲ್ಲಿಯೇ ಮಲಗಿ, ಪಕ್ಕದಲ್ಲಿಯೇ ಅಡಿಗೆ ಮಾಡಿಕೊಳ್ಳುತ್ತವೆ. ಮಳೆಗಾಲ ಮುಗಿದ ಮೇಲೆ ಕುರಿಗಾರರು ಹಿಂಡು ಹೊಡೆದುಕೊಂಡು ಹೊಲದಿಂದ ಹೊಲಕ್ಕೆ ಹೋಗುತ್ತಾರೆ. ಅವರ ಮನೆ ಕುದುರೆಯ ಇಲ್ಲವೆ ಕತ್ತೆಯ ಬೆನ್ನ ಮೇಲಿರುತ್ತದೆ. ಕಲಾಯಿಯವರು, ಘಿಸಾಡಿ ಕಮ್ಮಾರರು ರಸ್ತೆಯ ಅಂಚಿನಲ್ಲಿ ಗುಡಾರ ಹಾಕುತ್ತಾರೆ. ಜಾತ್ರೆ ನಾಲ್ಕು ದಿನದ ಮಾತು. ಕಬ್ಬು ಕಡಿಯುವವರದು ನಾಲ್ಕೈದು ತಿಂಗಳ ಬದುಕಾದುದರಿಂದ ಈ ಮಾತು ಮುಖ್ಯವಾಗಿ ಅವರನ್ನು ಕುರಿತದ್ದು.

ಕಲಬುರಗಿಯೆಂದರೆ ಬಿಸಿಲು, ಅಲ್ಲಿ ಚಳಿಯೇ ಎಂದು ಕೇಳುವವರಿರಬಹುದು. ಡಿಸೆಂಬರ್ ತಿಂಗಳಲ್ಲಿ ಅಲ್ಲಿನ ಸರಾಸರಿ ಕನಿಷ್ಠ ಉಷ್ಣತೆ 15-16 ಡಿಗ್ರಿ ಸೆಲ್ಸಿಯಸ್. ಕೆಲವು ರಾತ್ರಿಗಳಲ್ಲಿ ಹತ್ತರ ಹತ್ತಿರಕ್ಕೂ ಇಳಿಯುತ್ತದೆ. ಇದು ಊರೊಳಗಿನ ಮಾಪಕದ ಲೆಕ್ಕ. ಮರಗಳಿಲ್ಲದ ಬಯಲಿನಲ್ಲಿ, ಮೋಡವಿಲ್ಲದ ಆಕಾಶದಡಿಯಲ್ಲಿ, ನೀರು ಹಾಯಿಸಿದ ಕಬ್ಬಿನ ಗದ್ದೆಯ ಬದಿಯಲ್ಲಿ ನೆಲ ತನ್ನ ಶಾಖವನ್ನು ಬೇಗನೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಹೊದಿಕೆಯಾಗಿ ಬಳಸುವ ತೆಳು ಪಾಲಿಥೀನ್ ಹಾಳೆಗೆ ಒಂದು ವಿಚಿತ್ರ ಗುಣವಿದೆ. ಅದು ಗಾಳಿಯನ್ನು ತಡೆಯುತ್ತದೆ, ಆದರೆ ಬೆಚ್ಚಗಿನ ವಸ್ತುಗಳು ಹೊರಸೂಸುವ ಶಾಖಕಿರಣವನ್ನು ಹೆಚ್ಚು ಕಡಿಮೆ ಹಾಗೆಯೇ ಹೊರಗೆ ಬಿಡುತ್ತದೆ. ತೋಟಗಾರಿಕೆಯಲ್ಲಿ ಪಾಲಿಹೌಸ್ ಮಾಡುವವರು ರಾತ್ರಿಯ ಹೊತ್ತು ಎದುರಿಸುವ ತೊಂದರೆಯೂ ಇದೇ. ಒಳಗೆ ಮಲಗಿದವರ ಉಸಿರಿನ ತೇವ ಹಾಳೆಯ ಒಳಮೈಯಲ್ಲಿ ಹನಿಗಟ್ಟಿ, ಬೆಳಗಿನ ಜಾವಕ್ಕೆ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ದಪ್ಪವಾಗಿ ಹೊದಿಸಿದ ರವದಿ ಇದಕ್ಕಿಂತ ಎಷ್ಟೋ ಮೇಲು. ಅದರ ಎಸಳುಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಕಂಬಳಿಯ ಕೆಲಸ ಮಾಡುತ್ತದೆ. ಆದರೆ ರವದಿಗೆ ಕಿಡಿ ಬಿದ್ದರೆ ಓಡಿ ಹೊರಬರುವಷ್ಟೂ ಸಮಯವಿರುವುದಿಲ್ಲ.

ಇಂಥ ಜೋಪಡಿಯನ್ನು ಬೆಚ್ಚಗೆ ಮಾಡಲು ಎಷ್ಟು ಕಟ್ಟಿಗೆ ಬೇಕು? ವಿದ್ಯಾರ್ಥಿಗಳು ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ನೋಡಬಹುದು. ಜೋಪಡಿ ಮೂರು ಮೀಟರು ಉದ್ದ, ಎರಡೂವರೆ ಮೀಟರು ಅಗಲ, ಸರಾಸರಿ ಒಂದೂವರೆ ಮೀಟರು ಎತ್ತರ ಎಂದಿಟ್ಟುಕೊಳ್ಳಿ. ಒಳಗಿನ ಗಾಳಿ ಸುಮಾರು 11 ಘನಮೀಟರು, ಅದರ ತೂಕ 13 ಕಿಲೋ ಚಿಲ್ಲರೆ. ಅಷ್ಟು ಗಾಳಿಯ ಉಷ್ಣತೆಯನ್ನು ಹತ್ತು ಡಿಗ್ರಿ ಏರಿಸಲು ಬೇಕಾದ ಶಾಖ ಸುಮಾರು 32 ಕಿಲೋಕ್ಯಾಲರಿ. ಒಂದು ಕಿಲೋ ಒಣ ಕಟ್ಟಿಗೆಯಲ್ಲಿ 3,800 ಕಿಲೋಕ್ಯಾಲರಿಯಷ್ಟು ಶಾಖವಿರುತ್ತದೆ. ಅಂದರೆ ಹತ್ತು ಗ್ರಾಮಿಗಿಂತ ಕಡಿಮೆ ಕಟ್ಟಿಗೆ, ಒಂದು ಗೇಣುದ್ದದ ತೊಗರಿ ಕಡ್ಡಿ, ಲೆಕ್ಕದ ಪ್ರಕಾರ ಸಾಕು! ಹಾಗಿದ್ದರೆ ರಾತ್ರಿಯಿಡೀ ಉರಿಸಿದರೂ ಚಳಿ ಬಿಡುವುದಿಲ್ಲವೇಕೆ? ಕಾಯಿಸಿದ ಗಾಳಿ ಅಲ್ಲಿ ನಿಲ್ಲುವುದಿಲ್ಲ, ಕಾಯಿಸಿದ ಶಾಖವನ್ನು ಹಿಡಿದಿಡಲು ದಪ್ಪ ಗೋಡೆಯೂ ಇಲ್ಲ. ವಾಹನದೊಳಗೆ ಒಲೆಯಿಟ್ಟವರ ಅನುಭವವೂ ಇದೇ ಆಗಿದೆ. ಒಲೆ ಉರಿಯುವಾಗ ಬೆವರು, ಒಲೆ ಆರಿದ ಅರ್ಧ ತಾಸಿಗೆ ನಡುಕ. ಮಲೆನಾಡಿನ ಮಣ್ಣಿನ ಗೋಡೆಯ ಮನೆ ಸಂಜೆಯ ಒಲೆಯ ಬಿಸಿಯನ್ನು ಬೆಳಗಿನವರೆಗೆ ಒಳಗಿಟ್ಟುಕೊಳ್ಳುತ್ತದೆ. ಚಲಿಸುವ ಮನೆ ಹಗುರವಾಗಿರಲೇಬೇಕಾದುದರಿಂದ ಅದಕ್ಕೆ ಆ ಭಾಗ್ಯವಿಲ್ಲ.

ಇಲ್ಲಿಂದಲೇ ಅಪಾಯ ಶುರುವಾಗುತ್ತದೆ. ಶಾಖ ನಿಲ್ಲದಿದ್ದಾಗ ಮನುಷ್ಯ ಮಾಡುವ ಮೊದಲ ಕೆಲಸ ಕಂಡಿಗಳನ್ನು ಮುಚ್ಚುವುದು. ಎರಡನೆಯದು, ಹೊಗೆಯಾಡುವ ಒಲೆಯನ್ನು ಹೊರಗೆ ಬಿಟ್ಟು ನಿಗಿನಿಗಿ ಕೆಂಡವನ್ನು ಬುಟ್ಟಿಯಲ್ಲೋ ಬಾಣಲೆಯಲ್ಲೋ ಒಳಗೆ ತರುವುದು. ಹೊಗೆಯಿಲ್ಲ, ಕಣ್ಣುರಿಯಿಲ್ಲ, ಕೂಸಿಗೆ ಕೆಮ್ಮಿಲ್ಲ. ಆದುದರಿಂದ ಭಯವಿಲ್ಲ ಎಂಬ ನಂಬಿಕೆ ಎಲ್ಲೆಡೆಯೂ ಇದೆ. ಮಲೆನಾಡಿನಲ್ಲಿ ಬಾಣಂತಿಯ ಮಂಚದ ಕೆಳಗೆ ಅಗ್ಗಿಷ್ಟಿಕೆ ಇಡುವವರ ನಂಬಿಕೆಯೂ ಇದೇ. ವಾಸ್ತವ ಇದಕ್ಕೆ ತಿರುವುಮುರುವು. ಹೊಗೆ ನಿಂತ ಮೇಲೆಯೇ ಹೆಚ್ಚು ಎಚ್ಚರ ಬೇಕು.

ಜ್ವಾಲೆಯೆದ್ದು ಉರಿಯುವ ಕಟ್ಟಿಗೆಗೆ ಗಾಳಿ ಧಾರಾಳವಾಗಿ ಸಿಗುತ್ತದೆ. ಅದರ ಇಂಗಾಲದ ಬಹುಪಾಲು ಪೂರ್ತಿಯಾಗಿ ಸುಡುತ್ತದೆ. ಬೂದಿ ಮುಚ್ಚಿದ ಕೆಂಡ ಅರೆಬರೆ ಸುಡುತ್ತದೆ. ಅರೆ ಸುಟ್ಟ ಇಂಗಾಲದಿಂದ ಹುಟ್ಟುವುದು ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಮೂಗುಗಳನ್ನು ಅದು ಉರಿಸುವುದಿಲ್ಲ. ಒಂದು ಕಿಲೋ ಇದ್ದಿಲು ಉರಿದರೆ ಸುಮಾರು 200 ಗ್ರಾಮಿನಷ್ಟು ಈ ಅನಿಲ ಹೊರಬರುತ್ತದೆ. ನೂರು ಗ್ರಾಂ ಕೆಂಡ, ಅಂದರೆ ಎರಡು ಹಿಡಿಯಷ್ಟು, ಮೇಲೆ ಹೇಳಿದ ಜೋಪಡಿಯೊಳಗೆ ಗಾಳಿಯಾಡದಂತೆ ಮುಚ್ಚಿದಾಗ ಸುಟ್ಟು ಮುಗಿಯಿತೆನ್ನಿ. ಆಗ ಪ್ರತಿ ಘನಮೀಟರು ಗಾಳಿಯಲ್ಲಿ 1,700 ಮಿಲಿಗ್ರಾಂಗೂ ಮಿಕ್ಕಿ ವಿಷ ಸೇರಿರುತ್ತದೆ. ಒಂದು ಗಂಟೆಯ ಮಟ್ಟಿಗೆ ಮನುಷ್ಯ ತಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವ ಮಿತಿ 35 ಮಿಲಿಗ್ರಾಂ. ಐವತ್ತು ಪಟ್ಟು! ನಿಜವಾದ ಜೋಪಡಿಯಲ್ಲಿ ಅಲ್ಲಲ್ಲಿ ಸಂದುಗಳಿರುವುದರಿಂದ ಪ್ರಮಾಣ ಇಷ್ಟಕ್ಕೆ ಏರುವುದಿಲ್ಲ. ಎಷ್ಟೋ ಜನ ಬದುಕಿರುವುದು ಆ ಸಂದುಗಳ ದಯೆಯಿಂದ. ಪ್ಲಾಸ್ಟಿಕ್ ಹಾಳೆಯ ಅಂಚಿಗೆ ಸುತ್ತಲೂ ಮಣ್ಣು ಮೆತ್ತಿ, ಬಾಗಿಲಿಗೆ ಗೋಣಿ ಕಟ್ಟಿದ ರಾತ್ರಿ ಆ ದಯೆಯೂ ಇರುವುದಿಲ್ಲ.

ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಆಸೆಯಿಂದ ಈ ಅನಿಲವನ್ನು ಅಪ್ಪಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಮಂಕು, ಕಾಲುಗಳಲ್ಲಿ ಬಲವಿಲ್ಲದಿರುವುದು. ದಿನವಿಡೀ ಕಬ್ಬು ಕಡಿದು ಹೊರೆ ಹೊತ್ತವರಿಗೆ ಇದು ದುಡಿಮೆಯ ದಣಿವೆಂದೇ ತೋರುತ್ತದೆ. ಬೆಳಗೆದ್ದು ಗಾಳಿಗೆ ಬಂದ ಮೇಲೆ ತಲೆನೋವು ಇಳಿದರೆ, ಒಂದೇ ಕಡೆ ಮಲಗಿದ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದಿದ್ದರೆ, ಒಲೆಯನ್ನು ಸಂಶಯಿಸಬೇಕು. ಗರ್ಭಿಣಿಯ ಹೊಟ್ಟೆಯೊಳಗಿನ ಶಿಶುವಿಗೆ ತಾಯಿಗಿಂತ ಹೆಚ್ಚಿನ ಅಪಾಯವಿದೆ. ಪ್ರಜ್ಞೆ ತಪ್ಪಿದವರನ್ನು ಕೂಡಲೇ ಬಯಲಿಗೆ ಎಳೆದು ತಂದು, ಆಮ್ಲಜನಕ ಇರುವ ಆಸ್ಪತ್ರೆಗೆ ಒಯ್ಯಬೇಕು. ಬರಿಯ ಗಾಳಿಯಲ್ಲಿ ರಕ್ತದೊಳಗಿನ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ. ಇನ್ನೊಂದು ಮಾತು. ಕೊರೋನಾ ಕಾಲದಲ್ಲಿ ಮನೆಮನೆಗೆ ಬಂದ, ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕ ಈ ವಿಷವನ್ನು ಗುರುತಿಸಲಾರದು. ಸಾಯುತ್ತಿರುವವರ ಬೆರಳಿನಲ್ಲಿಯೂ ಅದು ತೊಂಬತ್ತೆಂಟು ಎಂದು ತೋರಿಸಬಲ್ಲುದು.

ಇವು ಹೆದರಿಸಲು ಹೇಳುವ ಮಾತುಗಳಲ್ಲ. 2025ರ ನವೆಂಬರಿನಲ್ಲಿ ಬೆಳಗಾವಿಯ ಅಮನ್ ನಗರದಲ್ಲಿ ಚಳಿಗೆಂದು ಕೋಣೆಯೊಳಗೆ ಇದ್ದಿಲ ಕೆಂಡ ಇಟ್ಟುಕೊಂಡು ಮಲಗಿದ ಯುವಕರಲ್ಲಿ ಮೂವರು ಏಳಲೇ ಇಲ್ಲ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿಗೆ ನಿಲ್ಲಿಸಿದ್ದ ಕ್ಯಾರವಾನ್ ವಾಹನದೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಅಲ್ಲಿ ಕಟ್ಟಿಗೆಯಿರಲಿಲ್ಲ, ಇದ್ದುದು ಜನರೇಟರು. ಅದರ ಹೊಗೆ ವಾಹನದ ತಳದ ರಂಧ್ರವೊಂದರಿಂದ ಒಳನುಗ್ಗಿತ್ತೆಂದು ಕಲ್ಲಿಕೋಟೆಯ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ತಜ್ಞರು ಪರೀಕ್ಷಿಸಿ ಕಂಡುಕೊಂಡರು. ಉರುವಲು ಬೇರೆ, ಅನಿಲ ಒಂದೇ. ಬೆಟ್ಟಗಳ ಮೇಲೆ ಗುಡಾರ ಹಾಕಿ ಮಲಗುವ ಹವ್ಯಾಸ ವಿದ್ಯಾರ್ಥಿಗಳಲ್ಲಿ ಹೆಚ್ಚಿರುವುದರಿಂದ, ಕೊಡಚಾದ್ರಿಯ ತಪ್ಪಲಿಗೂ ಈ ಮಾತು ಸಲ್ಲುತ್ತದೆ.

ಹಾಗಾದರೆ ಚಲಿಸುವ ಮನೆಯಲ್ಲಿ ಒಲೆ ಇಡುವುದೇ ತಪ್ಪೇ? ಹಾಗೆ ಹೇಳುವಂತಿಲ್ಲ. ಜಗತ್ತಿನ ಅನೇಕ ಅಲೆಮಾರಿ ಜನಾಂಗಗಳು ಇದನ್ನು ಬಲು ಜಾಣ್ಮೆಯಿಂದ ಬಗೆಹರಿಸಿಕೊಂಡಿವೆ. ಮಂಗೋಲಿಯಾದವರ ದುಂಡನೆಯ ಗುಡಾರದ ನಡುವೆ ಕಬ್ಬಿಣದ ಒಲೆ, ಅದರ ಕೊಳವೆ ಗುಡಾರದ ನೆತ್ತಿಯ ಬಳೆಯ ಮೂಲಕ ನೇರವಾಗಿ ಆಕಾಶಕ್ಕೆ. ಇಂಗ್ಲೆಂಡಿನ ರೋಮಾ ಜನರ ಕುದುರೆ ಬಂಡಿಯಲ್ಲಿ ಒಲೆಯ ಕೊಳವೆ ರಸ್ತೆಯ ನಡುಭಾಗದ ಕಡೆಗೇ ಇರುತ್ತಿತ್ತು. ಅಂಚಿನ ಮರದ ಕೊಂಬೆಗಳಿಗೆ ತಗಲಬಾರದೆಂಬ ಎಚ್ಚರಿಕೆ ಅದು. 1880ರ ದಶಕದಲ್ಲಿ ಅಮೆರಿಕದ ವಯೋಮಿಂಗ್ ಸೀಮೆಯಲ್ಲಿ ಕುರಿಗಾರರಿಗೆಂದೇ ಬಂಡಿಮನೆಗಳು ಹುಟ್ಟಿಕೊಂಡವು. ಬಾಗಿಲ ಪಕ್ಕದಲ್ಲಿ ಒಲೆ, ಹಿಂಬದಿಗೆ ಅಡ್ಡಲಾಗಿ ಮಂಚ, ಮಂಚದ ಮೇಲೊಂದು ಕಿಟಕಿ. ಬಾಗಿಲು ಎರಡು ತುಂಡಿನದು; ಕೆಳಗಿನದನ್ನು ಮುಚ್ಚಿ ಮೇಲಿನದನ್ನು ತೆರೆದಿಡಬಹುದು. ಮಲಗುವವನ ತಲೆಗೂ ಒಲೆಗೂ ನಡುವೆ ಮನೆಯ ಪೂರ್ತಿ ಉದ್ದ, ಗಾಳಿಗೆ ಎರಡೂ ಕಡೆ ದಾರಿ. ಇಂದಿನ ವಾಹನಮನೆಗಳಲ್ಲಿ ಇರಬೇಕಾದದ್ದೂ ಇಷ್ಟೇ: ಹೊಗೆಗೆ ಹೋಗುವ ದಾರಿ, ಗಾಳಿಗೆ ಬರುವ ದಾರಿ, ಕೊಳವೆ ಮಾಡನ್ನು ತೂರುವ ಕಡೆ ಸುತ್ತಲೂ ಲೋಹದ ತಗಡು ಮತ್ತು ಒಂದಿಷ್ಟು ತೆರವು, ಅಲುಗಾಡದಂತೆ ನೆಲಕ್ಕೆ ಬಿಗಿದ ಒಲೆ. ಬಂಡಿ ಓಡುವಾಗ ಬೆಂಕಿ ಆರಿರಬೇಕು ಎಂಬುದನ್ನು ಹೇಳಬೇಕಾಗಿಲ್ಲ. ವಿಷಾನಿಲವನ್ನು ಪತ್ತೆಮಾಡಿ ಕೂಗುವ ಪುಟ್ಟ ಯಂತ್ರವನ್ನು ಮಂಚದ ಪಕ್ಕ ಇಡುವುದು ಈಚಿನ ರೂಢಿ.

ಕೊರಿಯಾದವರ ಹಳೆಯ ಪದ್ಧತಿಯಲ್ಲಿ ಅಡಿಗೆ ಒಲೆಯ ಹೊಗೆ ಮಲಗುವ ಕೋಣೆಯ ನೆಲದ ಅಡಿಯಲ್ಲಿ ಹರಿದು ಇನ್ನೊಂದು ಕಡೆ ಹೊರಹೋಗುತ್ತಿತ್ತು. ನೆಲ ಬೆಚ್ಚಗೆ, ಗಾಳಿ ಶುದ್ಧ. ಕಟ್ಟಿಗೆಯ ಬದಲು ಕಲ್ಲಿದ್ದಲ ಇಟ್ಟಿಗೆ ಬಂದ ಮೇಲೆ ನೆಲದ ಬಿರುಕುಗಳಿಂದ ಅನಿಲ ಸೋರಿ ಕಳೆದ ಶತಮಾನದ ಉತ್ತರಾರ್ಧದಲ್ಲಿ ಅಪಾರ ಸಾವುಗಳಾದವು. ಉರುವಲು ಬದಲಾದಾಗ ಹಳೆಯ ಜಾಣ್ಮೆಯೂ ಕೈಕೊಡುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಕರ್ನಾಟಕದಲ್ಲಿ ಒಲೆಯ ಸುಧಾರಣೆಯ ಇತಿಹಾಸ ಸಣ್ಣದೇನಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ಮುಂದಾಳತನದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭವಾಯಿತು. ಕುಣಿಗಲ್ ತಾಲೂಕಿನ ಉಂಗ್ರ ಅದರ ಪ್ರಯೋಗಭೂಮಿ. ಅಲ್ಲಿಂದ ಬಂದ ಅಸ್ತ್ರ ಒಲೆ ಮಲೆನಾಡಿನ ಹೆಂಗಸರಿಗೆ ಚಿರಪರಿಚಿತ. ಮೂರು ಕಲ್ಲಿನ ಒಲೆಯಲ್ಲಿ ಕಟ್ಟಿಗೆಯ ಶಾಖದ ಹತ್ತರಿಂದ ಹದಿನೈದು ಪಾಲು ಮಾತ್ರ ಪಾತ್ರೆಗೆ ಸೇರಿದರೆ, ಅಸ್ತ್ರ ಒಲೆಯಲ್ಲಿ ಅದರ ಎರಡರಷ್ಟಕ್ಕೂ ಹೆಚ್ಚು ಸೇರುತ್ತದೆ. ಹೊಗೆ ಕೊಳವೆಯ ದಾರಿ ಹಿಡಿಯುತ್ತದೆ. ಕೇಂದ್ರ ಸರಕಾರದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 1983ರ ಕೊನೆಗೆ ಪ್ರಾರಂಭವಾಗಿ 2002ರವರೆಗೆ ನಡೆಯಿತು. ಇವೆಲ್ಲವೂ ಮಣ್ಣಿನಿಂದ ನೆಲಕ್ಕೆ ಕಟ್ಟುವ ಒಲೆಗಳನ್ನೇ ಹೆಚ್ಚಾಗಿ ಕೊಟ್ಟವು. ಕೊಡಬೇಕಾದರೆ ಅಡಿಗೆಮನೆ ಇರಬೇಕು, ಅಡಿಗೆಮನೆಗೆ ಗೋಡೆ ಇರಬೇಕು, ಗೋಡೆಗೆ ಊರಿನಲ್ಲಿ ಮನೆ ನಂಬರು ಇರಬೇಕು. ಚಳಿಗಾಲ ಪೂರ್ತಿ ಊರ ಹೊರಗೆ ಇರುವವರು ಯಾವ ಪಟ್ಟಿಗೂ ಸಿಗಲಿಲ್ಲ. 2016ರ ಮೇ 1ರಂದು ಉಜ್ವಲಾ ಯೋಜನೆ ಬಂತು. 2021ರ ಎರಡನೆಯ ಹಂತದಲ್ಲಿ ವಲಸೆ ಕುಟುಂಬಗಳು ವಿಳಾಸದ ದಾಖಲೆಯ ಬದಲು ಸ್ವಯಂ ಘೋಷಣೆ ಕೊಟ್ಟರೆ ಸಾಕೆಂದು ನಿಯಮವಾಯಿತು. ಒಳ್ಳೆಯದೇ. ಆದರೆ ಗ್ಯಾಸಿನ ಒಲೆ ಅನ್ನ ಬೇಯಿಸುತ್ತದೆ, ರಾತ್ರಿಗೆ ಕೆಂಡ ಉಳಿಸುವುದಿಲ್ಲ. ಚಳಿ ಹಾಗೆಯೇ ಉಳಿಯುತ್ತದೆ.

ಒಲೆ ತಜ್ಞರು ಬಹುಕಾಲ ಗಮನಿಸದೆ ಬಿಟ್ಟ ಅಂಶವೂ ಇದೇ. ಪಾತ್ರೆಗೆ ಸೇರದ ಶಾಖವನ್ನೆಲ್ಲ ಅವರು ನಷ್ಟದ ಪಟ್ಟಿಗೆ ಬರೆದರು. ಡಿಸೆಂಬರಿನ ರಾತ್ರಿ ಮೂರು ಕಲ್ಲಿನ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ತಾಯಿಗೆ, ಪಕ್ಕದಲ್ಲಿ ಅಂಗೈ ಚಾಚಿ ಕೂತ ಮಕ್ಕಳಿಗೆ ಆ ‘ನಷ್ಟ’ವೇ ಲಾಭ. ಅದೇ ಬೆಳಕು, ಅದೇ ಬೆಚ್ಚಗೆ, ಅದೇ ಸೊಳ್ಳೆಯ ಔಷಧ. ಹೊಸ ಒಲೆಯನ್ನು ಬೇಡವೆಂದ ಹೆಂಗಸರನ್ನು ಅಜ್ಞಾನಿಗಳೆಂದು ಕರೆದ ವರದಿಗಳನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಬೇಕಾಗಿದೆ.

ಉರುವಲಿನ ವಿಷಯಕ್ಕೆ ಬರೋಣ. ಕರಜಗಿ ಸೀಮೆಯಲ್ಲಿ ಕಾಡಿಲ್ಲ. ಕಡಿಯಲು ಸಿಗುವುದು ಹಳ್ಳದ ದಂಡೆಯ, ಹೊಲದ ಬದುವಿನ ಬಳ್ಳಾರಿ ಜಾಲಿ, ಅಲ್ಲೊಂದು ಇಲ್ಲೊಂದು ಕರಿಜಾಲಿ. ಒಣಗಿದ ಬಳ್ಳಾರಿ ಜಾಲಿ ಉತ್ತಮ ಉರುವಲು, ಕೆಂಡವೂ ಗಟ್ಟಿ. ಆದರೆ ಇಂದು ಕಡಿದು ಇಂದೇ ಒಲೆಗೆ ಹಾಕುವವರಿಗೆ ಅದರ ತೂಕದಲ್ಲಿ ಸಾಕಷ್ಟು ನೀರೇ ಸಿಗುತ್ತದೆ. ಒಂದು ಕಿಲೋ ನೀರನ್ನು ಆವಿಯಾಗಿಸಲು ಸುಮಾರು 600 ಕಿಲೋಕ್ಯಾಲರಿ ಬೇಕು. ನಷ್ಟ ಇಷ್ಟಕ್ಕೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ಆವಿ ಉರಿಯನ್ನು ತಣ್ಣಗೆ ಮಾಡಿ, ಕಟ್ಟಿಗೆಯೊಳಗಿನ ತೈಲಾಂಶ ಸುಡದೆ ಹೊಗೆಯಾಗಿ ಹೋಗುವಂತೆ ಮಾಡುತ್ತದೆ. ಕೊಳವೆಯಿರುವ ಒಲೆಯಲ್ಲಿ ಅದೇ ಕೀಲಿನಂತೆ ಒಳಮೈಗೆ ಅಂಟಿ, ಒಂದು ದಿನ ಕೊಳವೆಯೇ ಹೊತ್ತಿಕೊಳ್ಳುತ್ತದೆ. ರವದಿ ಭುಗಿಲೆಂದು ಉರಿದು ಕ್ಷಣದಲ್ಲಿ ಬೂದಿಯಾಗುತ್ತದೆ. ಒಲೆ ಹೊತ್ತಿಸಲು ಮಾತ್ರ ಯೋಗ್ಯ.

ಉಳಿದದ್ದು ತೊಗರಿ ಕಟ್ಟಿಗೆ. ಮೀಟರಿಗೂ ಮಿಕ್ಕಿ ಉದ್ದ ಬೆಳೆದು ಗಿಡದಲ್ಲಿಯೇ ಒಣಗುವ ಈ ಕಡ್ಡಿ ಹೊಗೆ ಕಡಿಮೆ ಮಾಡಿ ಚೆನ್ನಾಗಿ ಉರಿಯುತ್ತದೆ. ತೊಡಕಿರುವುದು ಪಂಚಾಂಗದಲ್ಲಿ. ಜೂನ್-ಜುಲೈಯಲ್ಲಿ ಬಿತ್ತಿದ ಮಾರುತಿ, ಟಿಎಸ್-3ಆರ್ ಮೊದಲಾದ ತಳಿಗಳು ಕೊಯ್ಲಿಗೆ ಬರುವುದು ಡಿಸೆಂಬರ್ ಕೊನೆಗೆ, ಜನವರಿಗೆ. ರಾಶಿ ಮುಗಿದು ಕಟ್ಟಿಗೆ ಕೈಗೆ ಸಿಗುವ ಹೊತ್ತಿಗೆ ಚಳಿಯ ಅರ್ಧ ಕಳೆದಿರುತ್ತದೆ. ನವೆಂಬರ್ ಡಿಸೆಂಬರಿನ ರಾತ್ರಿಗಳಿಗೆ ಹೊಲದಲ್ಲಿ ಹಸಿರು ತೊಗರಿ, ಒಲೆಯಲ್ಲಿ ಹಸಿ ಜಾಲಿ. ಕಬ್ಬು ಬೆಳೆಯುವ ರೈತರೇ ಅನೇಕ ಕಡೆ ತೊಗರಿಯನ್ನೂ ಬೆಳೆಯುತ್ತಾರೆ. ಹಿಂದಿನ ವರ್ಷದ ತೊಗರಿ ಕಟ್ಟಿಗೆಯ ಒಂದು ಬಣವೆಯನ್ನು ಮಳೆಗೆ ನೆನೆಯದಂತೆ ಮುಚ್ಚಿಟ್ಟು, ತನ್ನ ಕಬ್ಬು ಕಡಿಯಲು ಬಂದವರಿಗೆ ಮೊದಲ ದಿನವೇ ಕೊಟ್ಟರೆ ಎರಡು ಲಾಭ. ಜೋಪಡಿಯೊಳಗೆ ಹೊಗೆ ಕಡಿಮೆ; ಬದುವಿನ ಕರಿಜಾಲಿಗೆ ಕೊಡಲಿ ಬೀಳುವುದಿಲ್ಲ. ಈಗ ಆ ಕಟ್ಟಿಗೆಯಲ್ಲಿ ಒಂದಿಷ್ಟು ಹೊಲದಲ್ಲಿಯೇ ಸುಟ್ಟು ಹೋಗುತ್ತಿದೆ.

ಮಲಗುವ ಹೊತ್ತಿನ ಉಪಾಯ ಬೇರೆಯೇ. ಕುರಿಗಾರರಿಂದ ಕಲಿಯಬೇಕಾದದ್ದು ಅದು. ಅವರು ಬೆಂಕಿಯನ್ನು ಹೊರಗೆ ಹಾಕುತ್ತಾರೆ, ಸುತ್ತ ಕೂತು ಮೈ ಕಾಯಿಸುತ್ತಾರೆ, ಆಮೇಲೆ ಕಂಬಳಿಯೊಳಗೆ ಸೇರುತ್ತಾರೆ. ಕೆಂಡವನ್ನು ಹಾಸಿಗೆಗೆ ಒಯ್ಯುವುದಿಲ್ಲ. ಮಲಗಿದ ಮನುಷ್ಯದೇಹವೇ ಗಂಟೆಗೆ 60-70 ಕಿಲೋಕ್ಯಾಲರಿ ಶಾಖ ಕೊಡುವ ಒಲೆ. ಗಂಡ, ಹೆಂಡತಿ, ಎರಡು ಮಕ್ಕಳು ಸೇರಿದರೆ ಗಂಟೆಗೆ ಇನ್ನೂರು ದಾಟೀತು. ಜೋಪಡಿಯ ಗಾಳಿಯನ್ನೆಲ್ಲ ಕಾಯಿಸುವ ಹುಚ್ಚುಸಾಹಸ ಬಿಟ್ಟು, ಈ ಶಾಖ ಸೋರದಂತೆ ಮೇಲೂ ಕೆಳಗೂ ಹೊದಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು. ಕೆಳಗೆ ಎಂಬುದನ್ನು ಒತ್ತಿ ಹೇಳಬೇಕು. ಎರೆಭೂಮಿಯ ತಣ್ಣನೆಯ ನೆಲ ಮೇಲಿನ ಗಾಳಿಗಿಂತ ಹೆಚ್ಚು ಶಾಖ ಕದಿಯುತ್ತದೆ. ಒಂದು ಗೇಣು ದಪ್ಪ ಒಣ ರವದಿ ಹಾಸಿ, ಅದರ ಮೇಲೆ ಗೋಣಿ, ಅದರ ಮೇಲೆ ಕೌದಿ. ಇನ್ನೂ ಬೇಕೆಂದರೆ ಐದು ಕಿಲೋದ ಕಲ್ಲೊಂದನ್ನು ಒಲೆಯ ಬದಿಯಲ್ಲಿ ಕಾಯಿಸಿ, ಗೋಣಿ ಸುತ್ತಿ ಕಾಲ ಬುಡದಲ್ಲಿ ಇಟ್ಟುಕೊಂಡರೆ ಅದು ಅರವತ್ತು ಕಿಲೋಕ್ಯಾಲರಿಯಷ್ಟು ಶಾಖವನ್ನು ಮೆಲ್ಲಗೆ ಬಿಡುತ್ತದೆ, ಒಂದು ಚೂರೂ ವಿಷವಿಲ್ಲದೆ. ಕಲ್ಲು ಒಣಗಿದ ಕರಿಕಲ್ಲಾಗಿರಲಿ. ಹೊಳೆಯಿಂದ ತಂದ ಒದ್ದೆ ಕಲ್ಲು ಬೆಂಕಿಯಲ್ಲಿ ಸಿಡಿಯುತ್ತದೆ, ಶಹಾಬಾದಿ ಹಾಸುಗಲ್ಲು ಪದರು ಪದರಾಗಿ ಚಿಮ್ಮುತ್ತದೆ. ಮುಚ್ಚಳ ಭದ್ರವಾದ ಎರಡು ಲೀಟರಿನ ಡಬ್ಬಿಯಲ್ಲಿ ಬಿಸಿನೀರಿಟ್ಟರೂ ಇದೇ ಲೆಕ್ಕ.

ಒಲೆಯನ್ನು ಎಲ್ಲಿಡಬೇಕು? ಒಂದೇ ಕಡೆ ತಿಂಗಳುಗಟ್ಟಲೆ ನಿಲ್ಲುವ ಜೋಪಡಿಯಾದರೆ, ಗಾಳಿ ಬೀಸುವ ದಿಕ್ಕಿಗೆ ಬೆನ್ನಾದ ಬದಿಯಲ್ಲಿ ಮೊಳಕಾಲೆತ್ತರದ ಕಲ್ಲು ಮಣ್ಣಿನ ಗೋಡೆಯೊಂದನ್ನು ಹಾಕಿ, ಒಲೆಯನ್ನು ಅದರ ಹೊರಮೈಗೆ ಒತ್ತಿ ಕಟ್ಟಬಹುದು. ಹೊಗೆ ಹೊರಗೆ ಉಳಿಯುತ್ತದೆ, ಕಾದ ಗೋಡೆ ಒಳಗಿನವರ ಬೆನ್ನಿಗೆ ಬಿಸಿ ಕೊಡುತ್ತದೆ. ಬರಿಯ ಎರೆಮಣ್ಣು ಒಣಗಿದೊಡನೆ ಸೀಳು ಬಿಡುವುದರಿಂದ ಗರಸು, ತೊಗರಿ ಹೊಟ್ಟು, ಬೂದಿ ಬೆರೆಸಿ ಕಲಸಬೇಕು. ಸೀಳು ಬಿಟ್ಟ ಕಡೆ ಮತ್ತೆ ಮೆತ್ತಬೇಕು. ಕೊರಿಯಾದ ನೆಲದ ಕಥೆ ಇಲ್ಲಿ ನೆನಪಿರಲಿ. ರವದಿಯ ಹೊದಿಕೆ ಆ ಗೋಡೆಯಿಂದ ಎರಡು ಮೊಳ ದೂರದಲ್ಲಿ ನಿಲ್ಲಬೇಕು. ನಡುವಿನ ಜಾಗಕ್ಕೆ ತಗಡು ಹಾಕಬೇಕು.

ಪದೇ ಪದೇ ಸ್ಥಳ ಬದಲಿಸುವವರಿಗೆ ಗೋಡೆಯ ಮಾತು ಸಲ್ಲದು. ಅವರಿಗೆ ಬೇಕಾದದ್ದು ತೆಳು ಉಕ್ಕಿನ ಸಣ್ಣ ಒಲೆ, ಬಿಚ್ಚಿ ಜೋಡಿಸುವ ಎರಡು ಮೂರು ತುಂಡಿನ ಕೊಳವೆ, ಕೊಳವೆ ಹೊರಬೀಳುವ ಕಡೆಗೆ ಒಂದು ತಗಡಿನ ಚೌಕಟ್ಟು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಬಹುದಾದ ಕೆಲಸ. ಸತು ಲೇಪಿಸಿದ ತಗಡನ್ನು ಒಲೆಗೆ ಬಳಸಬಾರದು, ಕಾದಾಗ ಅದರ ಹಬೆ ಎದೆಗೆ ಕೆಟ್ಟದ್ದು. ಕೊಳವೆಯ ತುದಿ ಜೋಪಡಿಯ ನೆತ್ತಿಗಿಂತ ಎತ್ತರದಲ್ಲಿರಬೇಕು, ಇಲ್ಲವಾದರೆ ಬೀಸುಗಾಳಿ ಹೊಗೆಯನ್ನು ಹಿಂದಕ್ಕೆ ತಳ್ಳುತ್ತದೆ. ಕೆಂಡ ಪೂರ್ತಿ ಬೂದಿಯಾಗುವವರೆಗೆ ಕೊಳವೆಯ ದಾರಿಯನ್ನು ಮುಚ್ಚಬಾರದು. ಹಗಲು ಕಬ್ಬು ಹೊರುವ ಮಹಿಳೆಯ ಕೈಗೆ ಈ ಒಲೆ ಭಾರವೆನಿಸಬಾರದು ಎಂಬುದು ಎಲ್ಲಕ್ಕಿಂತ ಮುಖ್ಯವಾದ ಅಳತೆ.

ದುಡ್ಡು ಯಾರದ್ದು ಎಂಬ ಪ್ರಶ್ನೆ ಉಳಿಯುತ್ತದೆ. ಮುಂಗಡದ ಸಾಲ ತೀರಿಸಲೆಂದೇ ದುಡಿಯುವವರು ಒಲೆ ಕೊಳ್ಳಲಾರರು. ಕಬ್ಬಿನ ಸೀಮೆಯಲ್ಲಿ ಈಗಾಗಲೇ ಒಂದು ಪದ್ಧತಿ ಬಳಕೆಯಲ್ಲಿದೆ. ಕೆಲವೆಡೆ ಕಬ್ಬು ಸಾಗಿಸುವ ಟೈರಿನ ಎತ್ತಿನ ಗಾಡಿಯನ್ನು ಕಾರ್ಖಾನೆಯೇ ಹಂಗಾಮಿನ ಆರಂಭದಲ್ಲಿ ಕೊಟ್ಟು, ಹಂಗಾಮು ಮುಗಿದಾಗ ಹಿಂದಕ್ಕೆ ಪಡೆಯುತ್ತದೆ. ಗಾಡಿಯ ಪಟ್ಟಿಯಲ್ಲಿಯೇ ಒಲೆ, ಕೊಳವೆ, ತಗಡುಗಳನ್ನೂ ಸೇರಿಸಬಹುದು. ಅಕ್ಟೋಬರಿನಲ್ಲಿ ಎಣಿಸಿ ಕೊಡುವುದು, ಮಾರ್ಚಿನಲ್ಲಿ ಎಣಿಸಿ ಪಡೆಯುವುದು, ಮಳೆಗಾಲದಲ್ಲಿ ಕೊಳವೆಯ ಕೀಲು ಕೆರೆದು ತುಕ್ಕು ಹಿಡಿಯದಂತೆ ಎಣ್ಣೆ ಸವರಿ ಗೋದಾಮಿನಲ್ಲಿ ಇಡುವುದು. ಕೊಡುವಾಗ ಮನೆಯೊಡತಿಯ ಕೈಗೇ ಕೊಟ್ಟು, ಅವಳ ಮುಂದೆಯೇ ಒಮ್ಮೆ ಹೊತ್ತಿಸಿ ತೋರಿಸಬೇಕು. ಕನ್ನಡ ಬಾರದವರಿಗೆ ಮರಾಠಿಯಲ್ಲಿ, ತಾಂಡಾದವರಿಗೆ ಅವರ ಲಂಬಾಣಿ ಮಾತಿನಲ್ಲಿ.